ವರದಿಯ ಕೊನೆಯ ಸಾಲು

ಕೇಳುಗರಿಗೆ ನಮಸ್ಕಾರ.

ಸ್ಕ್ಯಾನ್ ಮಾಡಿಸಿಕೊಂಡು ಬಂದವರು ಲಕೋಟೆ ಬಿಚ್ಚಿ ಮೊದಲು ಹುಡುಕುವುದು ವರದಿಯ ಕೊನೆಯಲ್ಲಿರುವ ‘ಇಂಪ್ರೆಷನ್’ ಎಂಬ ಭಾಗವನ್ನು. ಅದರ ಕೆಳಗೆ ಅನೇಕ ವೇಳೆ ‘ಸಜೆಸ್ಟ್ ಕ್ಲಿನಿಕಲ್ ಕೋರಿಲೇಷನ್’ ಎಂದಿರುತ್ತದೆ. ಇದೂ ಒಂದು ಕಾಯಿಲೆಯ ಹೆಸರಿರಬೇಕೆಂದು ಗಾಬರಿಯಾಗುವವರುಂಟು. ಅದು ಚಿತ್ರವನ್ನು ನೋಡಿದ ವೈದ್ಯರು, ಅದರಲ್ಲಿ ಕಂಡದ್ದನ್ನು ರೋಗಿಯ ಲಕ್ಷಣಗಳೊಂದಿಗೆ ಹೋಲಿಸಿ ನೋಡಿ ಎಂದು, ರೋಗಿಯನ್ನು ಮುಟ್ಟಿ ನೋಡಿದ ವೈದ್ಯರಿಗೆ ಹೇಳುವ ಮಾತು. ‘ಸಹಸಂಬಂಧ’ ಎಂಬ ಪಠ್ಯಪುಸ್ತಕದ ಪದಕ್ಕಿಂತ ‘ತಾಳೆ ನೋಡಿ’ ಎಂಬುದೇ ಇದಕ್ಕೆ ಸರಿಯಾದ ಕನ್ನಡವೆಂದು ನನ್ನ ಅಭಿಪ್ರಾಯ; ಲೆಕ್ಕದ ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಹಣದೊಂದಿಗೆ ತಾಳೆ ನೋಡುವವನಿಗೆ ಎರಡೂ ಹೊಂದದೆ ಹೋಗಬಹುದೆಂಬುದು ಗೊತ್ತಿರುತ್ತದೆ.

ಸೊಂಟದ ಎಂಆರ್‌ಐಯನ್ನೇ ನೋಡೋಣ. ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಅಂದಾಜಿನಂತೆ, 20ರ ವಯಸ್ಸಿನವರಲ್ಲಿ ಶೇ. 30ರಷ್ಟು, 80ರ ವಯಸ್ಸಿನವರಲ್ಲಿ ಶೇ. 84ರಷ್ಟು ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿರುತ್ತದೆ. ಆದ್ದರಿಂದ ‘ಡಿಸ್ಕ್ ಬಲ್ಜ್’ ಎಂದು ಬರೆದಿದ್ದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣವೆಂದಾಗುವುದಿಲ್ಲ. ವೈದ್ಯರು ನಿಮ್ಮನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದೆ ಕಾಲನ್ನು ಮೇಲೆತ್ತಿ, ನೋವು ಮೊಣಕಾಲಿನಿಂದ ಕೆಳಕ್ಕೂ ಇಳಿಯುತ್ತದೆಯೇ ಎಂದು ಕೇಳುತ್ತಾರೆ; ಕಾಲಿನ ಹೆಬ್ಬೆರಳನ್ನು ತಮ್ಮ ಬೆರಳಿನಿಂದ ಒತ್ತಿಹಿಡಿದು, ಮೇಲೆತ್ತಿ ಎನ್ನುತ್ತಾರೆ. ಎಡಗಾಲಿನ ಹೆಬ್ಬೆರಳು ಸೋತು, ಚಿತ್ರದಲ್ಲಿಯೂ ಆ ಬೆರಳನ್ನು ಎತ್ತಿಸುವ, ಸೊಂಟದಿಂದ ಹೊರಡುವ ಎಡಗಡೆಯ ಎಲ್5 ನರದ ಬುಡವೇ ಒತ್ತಿಹೋಗಿದ್ದರೆ ತಾಳೆಯಾಯಿತು. ನೋವು ಬಲಗಾಲಿನಲ್ಲಿದ್ದು ಒತ್ತಡ ಎಡಗಡೆಯಲ್ಲಿ ಕಂಡರೆ, ಆ ಚಿತ್ರವನ್ನು ನಂಬಿ ಶಸ್ತ್ರಚಿಕಿತ್ಸೆಗೆ ಮುಂದಾಗುವಂತಿಲ್ಲ.

ಹಾಗೆಯೇ, ಚಿತ್ರದಲ್ಲಿ ಏನೂ ಕಾಣದಿದ್ದರೂ ದೇಹದ ಸಾಕ್ಷ್ಯವನ್ನು ತಳ್ಳಿಹಾಕಲಾಗದು. ಸ್ತನದಲ್ಲಿ ಗಂಟು ಕೈಗೆ ಸಿಗುತ್ತಿರುವಾಗ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಸಹಜವಾಗಿದೆಯೆಂದು ಸುಮ್ಮನಾಗದೆ, ಅಲ್ಟ್ರಾಸೌಂಡ್ ಮಾಡಿಸಿ, ಅಗತ್ಯವೆನಿಸಿದರೆ ಗಂಟಿನ ಚೂರನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿಗೂ ಹೋಗಬೇಕಾಗುತ್ತದೆ. ಬಯಾಪ್ಸಿಯ ಉತ್ತರ ಚಿತ್ರಕ್ಕೆ ಹೊಂದದಿದ್ದರೆ ಅದಕ್ಕೆ ‘ಡಿಸ್ಕಾರ್ಡೆಂಟ್’ ಎನ್ನುತ್ತಾರೆ. ಆಗ ಮಾದರಿಯನ್ನು ಮತ್ತೊಮ್ಮೆ ತೆಗೆಯುವುದು ಅಥವಾ ಗಂಟನ್ನೇ ತೆಗೆದು ಪರೀಕ್ಷಿಸುವುದು ರೂಢಿ.

ಈ ಸಾಲನ್ನು ಎಲ್ಲ ವರದಿಗಳಿಗೂ ಮೊಹರಿನಂತೆ ಒತ್ತುವ ಅಭ್ಯಾಸವೂ ಇದೆ, ಅದನ್ನು ನಾನು ಒಪ್ಪಲಾರೆ. ಏನನ್ನು ಯಾವುದರೊಂದಿಗೆ ತಾಳೆ ನೋಡಬೇಕೆಂದು ಹೇಳದ ಸಲಹೆ ಜಾರಿಕೊಳ್ಳುವ ಮಾತಾಗುತ್ತದೆ. ಆದರೆ ತಪ್ಪು ಒಂದೇ ಕಡೆಯದಲ್ಲ. ಸ್ಕ್ಯಾನಿಗೆ ಕಳುಹಿಸುವ ಚೀಟಿಯಲ್ಲಿ ‘ಬೆನ್ನುನೋವು’ ಎಂಬ ಒಂದೇ ಪದವಿದ್ದರೆ, ಮಾನಿಟರಿನ ಮುಂದೆ ಕುಳಿತವರಿಗೆ ನೋವು ಯಾವ ಕಾಲಿಗೆ ಇಳಿಯುತ್ತದೆಂದು ತಿಳಿಯುವುದಾದರೂ ಹೇಗೆ? ‘ಎಡಗಾಲು, ಆರು ವಾರ, ಹೆಬ್ಬೆರಳಿಗೆ ಬಲವಿಲ್ಲ’ ಎಂದು ಬರೆದು ಕಳುಹಿಸಿದರೆ, ಅವರ ಕಣ್ಣು ಮೊದಲು ಎಲ್5 ನರದ ಕಡೆಗೇ ಹೋಗುತ್ತದೆ.