ಚಾರ್ಜ್ ಎಂದರೆ ಹೇರು

ಕೇಳುಗರೆಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕಲಿಯುವವರಿಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಹೇಳಿ ಎಂದು ಚಿತ್ರದುರ್ಗ ಆಕಾಶವಾಣಿಯವರು ಹತ್ತು ನಿಮಿಷ ಕೊಟ್ಟಿದ್ದಾರೆ. ಹತ್ತು ನಿಮಿಷಕ್ಕೆ ಒಂದು ಪದ ಸಾಕು. ಆ ಪದ ಚಾರ್ಜ್.

ಇದನ್ನು ನೀವು ಇವತ್ತೇ ನಾಲ್ಕಾರು ಸಲ ಆಡಿರುತ್ತೀರಿ. ಫೋನಿನಲ್ಲಿ ಚಾರ್ಜ್ ಇಲ್ಲ. ಹೊಳಲ್ಕೆರೆಗೆ ಬಸ್ ಚಾರ್ಜ್ ಎಷ್ಟು? ಹಮಾಲಿ ಚಾರ್ಜ್ ಯಾರು ಕೊಡೋದು? ನಮ್ಮ ಶಾಲೆಗೆ ಇನ್‌ಚಾರ್ಜ್ ಹೆಡ್‌ಮಾಸ್ಟರು ಬಂದಿದ್ದಾರೆ. ಚಾರ್ಜ್‌ಶೀಟ್ ಹಾಕಿದರಂತೆ. ಲಾಠಿಚಾರ್ಜ್ ಆಯಿತಂತೆ. ಪದ ಒಂದೇ, ಕೆಲಸ ಆರು. ನಿಘಂಟು ತೆಗೆದರೆ ಪುಟ ತುಂಬ ಅರ್ಥಗಳು. ಎಸ್ಸೆಸ್ಸೆಲ್ಸಿ ಮಕ್ಕಳು ಅದನ್ನು ಸಾಲಾಗಿ ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮಾರನೇ ದಿನ ಮರೆಯುತ್ತಾರೆ. ದಯವಿಟ್ಟು ಉರು ಹೊಡೆಯಬೇಡಿ. ಒಂದೇ ಒಂದು ಕನ್ನಡ ಪದ ಇಟ್ಟುಕೊಳ್ಳಿ: ಹೇರು. ಗಾಡಿಗೆ ಚೀಲ ಹೇರುತ್ತೇವಲ್ಲ, ಆ ಹೇರು.

ಲ್ಯಾಟಿನ್ ಭಾಷೆಯಲ್ಲಿ ಕಾರ್ರುಸ್ ಎಂದರೆ ಬಂಡಿ. ಕಾರ್ರಿಕಾರೆ ಎಂದರೆ ಬಂಡಿಗೆ ಹೇರುವುದು. ಅದು ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರು, ಕಾರ್ಗೋ, ಕ್ಯಾರಿ ಎಲ್ಲವೂ ಅದೇ ಬಂಡಿಯ ಮಕ್ಕಳು. ಇನ್ನು ನಮ್ಮ ಭಾಷೆ ನೋಡಿ. ಬಂಡಿಗೆ ಜೋಳ ಹೇರುತ್ತೇವೆ. ಜನರ ಮೇಲೆ ತೆರಿಗೆಯನ್ನೂ ಹೇರುತ್ತಾರೆ, ದಂಡವನ್ನೂ ಹೇರುತ್ತಾರೆ. ಇಂಗ್ಲಿಷಿನವರು ಯೋಚಿಸಿದ ದಾರಿಯಲ್ಲೇ ನಾವೂ ಯೋಚಿಸಿದ್ದೇವೆ. ಹೊಸದಾಗಿ ಕಲಿಯಬೇಕಾದ್ದು ಬಹಳ ಕಡಿಮೆ.

ಮೊದಲು ದುಡ್ಡಿನ ಚಾರ್ಜ್. ನಿಮ್ಮ ಮೇಲೆ ಹೇರಿದ ಹಣ. ಇಲ್ಲಿ ನಾವು ಮಾಡುವ ತಪ್ಪು ಒಂದೇ, ಎಲ್ಲ ಹಣಕ್ಕೂ ಚಾರ್ಜ್ ಎಂದುಬಿಡುತ್ತೇವೆ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದಿರಿ ಎನ್ನಿ. ದೋಸೆಗೆ ಇರುವುದು ಪ್ರೈಸ್, ಏಕೆಂದರೆ ಅದು ಕೈಗೆ ಬಂದ ವಸ್ತು. ಅದನ್ನು ಕಟ್ಟಿಕೊಟ್ಟದ್ದಕ್ಕೆ ಕೇಳುವುದು ಪಾರ್ಸಲ್ ಚಾರ್ಜ್, ಏಕೆಂದರೆ ಅದು ಮಾಡಿಕೊಟ್ಟ ಕೆಲಸ. ವಸ್ತುವಿಗೆ ಪ್ರೈಸ್, ಕೆಲಸಕ್ಕೆ ಚಾರ್ಜ್. ದೋಸೆ ಮಾಡಲು ಹೋಟೆಲಿನವರಿಗೆ ಬಿದ್ದ ಖರ್ಚು ಕಾಸ್ಟ್. ಊರಿಗೆ ವಾಪಸು ಹೋಗಲು ಬಸ್ಸಿಗೆ ಕೊಡುವುದು ಫೇರ್. ಬಸ್ ಚಾರ್ಜ್ ಎಂದರೆ ನಮ್ಮವರಿಗೆ ತಿಳಿಯುತ್ತದೆ, ಪರೀಕ್ಷೆಯಲ್ಲಿ ಬರೆಯುವಾಗ ಬಸ್ ಫೇರ್ ಎಂದೇ ಬರೆಯಿರಿ. ದಾವಣಗೆರೆ, ಚಿತ್ರದುರ್ಗದ ನಡುವೆ ಹೆಬ್ಬಾಳಿನ ಹತ್ತಿರ ಹೆದ್ದಾರಿಗೆ ಕಟ್ಟುವುದು ಟೋಲ್. ವಕೀಲರಿಗೆ, ಡಾಕ್ಟರಿಗೆ, ಪರೀಕ್ಷೆಗೆ ಕಟ್ಟುವುದು ಫೀ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ಫೈನ್.

ಕರೆಂಟ್ ಬಿಲ್ಲನ್ನು ಒಮ್ಮೆ ಕೈಗೆ ತೆಗೆದುಕೊಂಡು ಓದಿ. ಅದರಲ್ಲಿ ಎರಡು ಬಗೆ ಇದೆ. ನೀವು ಉರಿಸಿದ ಯೂನಿಟ್ಟಿಗೆ ಎನರ್ಜಿ ಚಾರ್ಜ್. ಉರಿಸಲಿ ಬಿಡಲಿ, ನಿಮ್ಮ ಮನೆಗೆ ಮಂಜೂರಾದ ಲೋಡಿನ ಮೇಲೆ, ಕಿಲೋವ್ಯಾಟಿಗೆ ಇಷ್ಟು ಎಂದು ಕಟ್ಟಬೇಕಾದದ್ದು ಫಿಕ್ಸೆಡ್ ಚಾರ್ಜ್. ಲೋಡ್ ಎಂದರೂ ಹೇರು, ಚಾರ್ಜ್ ಎಂದರೂ ಹೇರು. ಅಣ್ಣ ತಮ್ಮ ಒಂದೇ ಬಿಲ್ಲಿನಲ್ಲಿ ಕೂತಿದ್ದಾರೆ.

ಫ್ರೀ ಆಫ್ ಚಾರ್ಜ್, ನೋ ಚಾರ್ಜ್ ಎರಡಕ್ಕೂ ಅರ್ಥ ಪುಕ್ಕಟೆ. ಅಂಗಡಿಯವನಿಗೆ ಫೋನ್ ತೋರಿಸಿ ‘ನೋ ಚಾರ್ಜ್’ ಎಂದರೆ ಇಂಗ್ಲಿಷ್ ಬಲ್ಲವನು ದುಡ್ಡು ಬೇಡ ಎಂದು ತಿಳಿದಾನು. ಬ್ಯಾಟರಿ ಮುಗಿದಿದ್ದರೆ ‘ಮೈ ಬ್ಯಾಟರಿ ಈಸ್ ಡೆಡ್’ ಎನ್ನಿ.

ಈಗ ಫೋನಿನ ಚಾರ್ಜ್. ಇದಕ್ಕೂ ಹೇರಿಗೂ ಏನು ಸಂಬಂಧ? ಇದು ತಿಳಿಯಬೇಕಾದರೆ ಚಿತ್ರದುರ್ಗದ ಕೋಟೆಗೇ ಹೋಗಬೇಕು. ಕೋಟೆಯೊಳಗೆ ತಗ್ಗಿನಲ್ಲಿ ನಾಲ್ಕು ದೊಡ್ಡ ಬೀಸುವ ಕಲ್ಲುಗಳಿವೆ. ಮದ್ದು ಬೀಸುವ ಕಲ್ಲು ಎನ್ನುತ್ತೇವೆ. ಮದ್ದು ಎಂದರೆ ಇಲ್ಲಿ ಫಿರಂಗಿಗೆ ತುಂಬುವ ಸಿಡಿಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರು ಪಾಲಿನಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಫಿರಂಗಿಯ ಕೊಳವೆಯನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಹಿಂದಿನ ಏಟಿನ ಕಿಡಿ ಒಳಗೆ ಉಳಿದಿದ್ದರೆ ಮದ್ದು ತುಂಬುವವನ ಕೈಯೇ ಹೋಗುತ್ತದೆ. ಆಮೇಲೆ ಅಳೆದ ಮದ್ದು, ಅದರ ಮೇಲೆ ಬಿರಡೆ, ಅದರ ಮೇಲೆ ಗುಂಡು, ಕೋಲಿನಿಂದ ಗಿಡಿಯುವುದು. ಹಾಗೆ ಒಂದು ಏಟಿಗೆ ಬೇಕಾದಷ್ಟು ಅಳೆದು ಹೇರಿದ ಮದ್ದಿಗೆ ಇಂಗ್ಲಿಷಿನಲ್ಲಿ ಚಾರ್ಜ್ ಎಂದು ಹೆಸರು. ಕಡಿಮೆ ಹೇರಿದರೆ ಗುಂಡು ಗೋಡೆ ಮುಟ್ಟುವುದಿಲ್ಲ. ಹೆಚ್ಚು ಹೇರಿದರೆ ಕೊಳವೆಯೇ ಸಿಡಿಯುತ್ತದೆ. ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಬ್ಯಾಟರಿ ಎಂದು ಹೆಸರು. ಹೌದು, ಬ್ಯಾಟರಿ ಕೂಡ ಫಿರಂಗಿಯ ಮಾತೇ.

ಫಿರಂಗಿಯಿಂದ ಅದು ವಿದ್ಯುತ್ತಿಗೆ ದಾಟಿದ ಕಥೆ ಕೇಳಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್. 1740ರ ದಶಕ. ಆಗ ವಿದ್ಯುತ್ತನ್ನು ಹಿಡಿದಿಡಲು ಇದ್ದದ್ದು ಲೈಡನ್ ಜಾಡಿ ಎಂಬ ಗಾಜಿನ ಜಾಡಿ. ಗಾಜಿನ ಗೋಳ ತಿರುಗಿಸಿ, ಉಜ್ಜಿ, ಹುಟ್ಟಿದ ವಿದ್ಯುತ್ತನ್ನು ಅದಕ್ಕೆ ತುಂಬುತ್ತಿದ್ದರು. ತುಂಬಿದ್ದು ಸದ್ದು ಮಾಡಿ, ಕಿಡಿ ಹಾರಿಸಿ ಒಮ್ಮೆಲೇ ಖಾಲಿಯಾಗುತ್ತಿತ್ತು. ಬಂದೂಕಿನ ಹಾಗೆಯೇ! ಆದ್ದರಿಂದ ತುಂಬುವುದು ಚಾರ್ಜ್, ಸಿಡಿಯುವುದು ಡಿಸ್ಚಾರ್ಜ್. ಸೀಸದ ತಗಡು ಹಚ್ಚಿದ ಹನ್ನೊಂದು ಗಾಜಿನ ಹಲಗೆಗಳನ್ನು ಫ್ರಾಂಕ್ಲಿನ್ ಸಾಲಾಗಿ ಜೋಡಿಸಿ ಅದಕ್ಕೆ ವಿದ್ಯುತ್ ಬ್ಯಾಟರಿ ಎಂದು ಹೆಸರಿಟ್ಟ. ವಿದ್ಯುತ್ತಿಗೆ ಧನ, ಋಣ ಎಂಬ ಲೆಕ್ಕದ ಹೆಸರು ಕೊಟ್ಟವನೂ ಅವನೇ.

1750ರ ಡಿಸೆಂಬರ್ 23. ಅವತ್ತು ಅವನಿಗೆ ಒಂದು ಟರ್ಕಿ ಕೋಳಿಯನ್ನು ವಿದ್ಯುತ್ತಿನಿಂದ ಕೊಲ್ಲಬೇಕಿತ್ತು. ಎರಡು ದೊಡ್ಡ ಜಾಡಿಗಳು. ಸಣ್ಣ ಜಾಡಿ ನಲವತ್ತರಲ್ಲಿ ಹಿಡಿಯುವಷ್ಟು ವಿದ್ಯುತ್ತು ಅದರಲ್ಲಿ ಹೇರಿ ಕೂತಿದೆ. ಸುತ್ತ ಜನ ನಿಂತು ಮಾತಾಡುತ್ತಿದ್ದಾರೆ. ಅವನ ಒಂದು ಕೈಯಲ್ಲಿ ಜಾಡಿಗಳ ಹೊರಮೈಗೆ ಸೇರಿದ ಸರಪಳಿ. ಮಾತಿನ ಗುಂಗಿನಲ್ಲಿ ಇನ್ನೊಂದು ಕೈಯಿಂದ ಮೇಲಿನ ತಂತಿ ಮುಟ್ಟಿಬಿಟ್ಟ. ಕೋಳಿಗೆ ಹೋಗಬೇಕಾದ್ದು ಪೂರ್ತಿ ಅವನ ಎರಡು ತೋಳು, ಎದೆಯ ಮೂಲಕ ಹಾಯಿತು. ಪಿಸ್ತೂಲಿನಂಥ ಸದ್ದಾಯಿತು, ದೊಡ್ಡ ಬೆಳಕು ಹೊಳೆಯಿತು ಎಂದು ಅಲ್ಲಿದ್ದವರು ಹೇಳಿದರು. ಅವನಿಗೆ ಮಾತ್ರ ಸದ್ದೂ ಕೇಳಲಿಲ್ಲ, ಬೆಳಕೂ ಕಾಣಲಿಲ್ಲ. ಮೈ ನಡುಗಿತು, ಕೈ ಮರಗಟ್ಟಿತು, ಎದೆಯೆಲುಬು ದಿನಗಟ್ಟಲೆ ನೊಂದಿತು. ಎರಡೇ ದಿನದಲ್ಲಿ ಅಣ್ಣನಿಗೆ ಕಾಗದ ಬರೆದು ಎಲ್ಲವನ್ನೂ ಇದ್ದಂತೆ ಒಪ್ಪಿಕೊಂಡ. ಬದುಕಿದ. ಅವನ ಜಾಡಿಯ ಮಾತೇ ಇವತ್ತು ನಿಮ್ಮ ಜೇಬಿನಲ್ಲಿದೆ: ಬ್ಯಾಟರಿ, ಚಾರ್ಜ್, ಡಿಸ್ಚಾರ್ಜ್. ಫೋನಿಗೆ ಚಾರ್ಜ್ ಹಾಕಿದಿರಿ ಎಂದರೆ ಹೇರಿದಿರಿ. ರೀಚಾರ್ಜ್ ಎಂದರೆ ಮತ್ತೆ ಹೇರಿದಿರಿ. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ವಿದ್ಯುದಾವೇಶ ಎಂದಿದೆ, ಚೆಲುವಾದ ಪದ.

ಎದುರಿನ ಗಡಿಯಾರ ಬೇಗ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಪೊಲೀಸರ ಚಾರ್ಜ್ ಎಂದರೆ ತಪ್ಪನ್ನು ಒಬ್ಬನ ಮೇಲೆ ಹೇರುವುದು. ಕನ್ನಡದಲ್ಲಿ ಆರೋಪ ಹೊರಿಸುವುದು, ಅದೂ ಹೊರೆಯೇ. ಆರೋಪ ಎಂಬ ಸಂಸ್ಕೃತ ಪದಕ್ಕೂ ಮೂಲದಲ್ಲಿ ಮೇಲೆ ಇಡುವುದು ಎಂದೇ ಅರ್ಥ. ಇಲ್ಲಿ ವ್ಯಾಕರಣ ಗಟ್ಟಿ ಮಾಡಿಕೊಳ್ಳಿ: ಚಾರ್ಜ್ಡ್ ವಿತ್ ಥೆಫ್ಟ್, ಆದರೆ ಅಕ್ಯೂಸ್ಡ್ ಆಫ್ ಥೆಫ್ಟ್. ಚಾರ್ಜಿಗೆ ವಿತ್, ಅಕ್ಯೂಸಿಗೆ ಆಫ್. ಅದಲುಬದಲಾದರೆ ಅಂಕ ಹೋಗುತ್ತದೆ. ಚಾರ್ಜ್‌ಶೀಟ್ ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಕೊಡುವ ವರದಿ. ಆಮೇಲೆ ಅದನ್ನು ನೋಡಿ ನ್ಯಾಯಾಧೀಶರು ಆರೋಪ ನಿಗದಿ ಮಾಡುತ್ತಾರೆ, ಅದು ಫ್ರೇಮಿಂಗ್ ಆಫ್ ಚಾರ್ಜ್. ಇವೆರಡು ಬೇರೆ ಬೇರೆ. ಬಹಳ ಜನ ಒಂದೇ ಎಂದುಕೊಳ್ಳುತ್ತಾರೆ.

ಕಚೇರಿಯ ಚಾರ್ಜ್ ಎಂದರೆ ಹೆಗಲ ಮೇಲಿನ ಹೊಣೆ. ಪ್ರಭಾರ ಎನ್ನುತ್ತೀರಲ್ಲ, ಅದರೊಳಗೇ ಭಾರ ಇದೆ. ಒಂದು ಪುಟ್ಟ ದಿ ಇಡೀ ಅರ್ಥ ತಿರುಗಿಸುತ್ತದೆ, ನಿಧಾನವಾಗಿ ಕೇಳಿ. ದಿ ನರ್ಸ್ ಈಸ್ ಇನ್ ಚಾರ್ಜ್ ಆಫ್ ದಿ ಚೈಲ್ಡ್: ಮಗುವಿನ ಹೊಣೆ ನರ್ಸಿನದು. ದಿ ಚೈಲ್ಡ್ ಈಸ್ ಇನ್ ದಿ ಚಾರ್ಜ್ ಆಫ್ ದಿ ನರ್ಸ್: ಅರ್ಥ ಅದೇ, ಆದರೆ ವಾಕ್ಯ ಮಗುವಿನಿಂದ ಶುರುವಾಗಿದೆ, ದಿ ಬಂದಿದೆ. ಆ ದಿ ಬಿಟ್ಟರೆ ಮಗುವೇ ನರ್ಸನ್ನು ನೋಡಿಕೊಂಡ ಹಾಗಾಗುತ್ತದೆ.

ಇನ್ನು ನುಗ್ಗುವ ಚಾರ್ಜ್. ದಿ ಬುಲ್ ಚಾರ್ಜ್ಡ್ ಅಟ್ ಹಿಮ್, ಗೂಳಿ ಮೈಮೇಲೆ ಏರಿ ಬಂತು. ಮೈಭಾರವನ್ನೆಲ್ಲ ಎದುರಿನವನ ಮೇಲೆ ಹೇರಲು ಬಂತು ಎಂದುಕೊಳ್ಳಿ, ಮರೆಯುವುದಿಲ್ಲ. ಲಾಠಿಚಾರ್ಜ್ ನಮ್ಮ ದೇಶದ ಇಂಗ್ಲಿಷಿನಲ್ಲಿ ಹುಟ್ಟಿದ ಜೋಡುಪದ.

ಕೊನೆಗೆ ಡಿಸ್ಚಾರ್ಜ್. ಹೇರಿದ್ದನ್ನು ಇಳಿಸುವುದು, ಅಷ್ಟೇ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಎಂದರೆ ರೋಗಿಯ ಹೊಣೆ ಆಸ್ಪತ್ರೆಯ ಹೆಗಲಿನಿಂದ ಇಳಿಯಿತು. ವಾಣಿವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿದ್ದಾಗ ಎಷ್ಟು ಕ್ಯೂಸೆಕ್ ಡಿಸ್ಚಾರ್ಜ್ ಎಂದು ಸುದ್ದಿ ಬರುತ್ತದಲ್ಲ, ಅಲ್ಲಿ ಅಣೆಕಟ್ಟೆ ನೀರಿನ ಹೇರು ಇಳಿಸುತ್ತಿದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ಸರ್‌ಚಾರ್ಜ್ ಎಂದರೆ ಹೇರಿನ ಮೇಲೆ ಇನ್ನೊಂದು ಹೇರು. ಓವರ್‌ಚಾರ್ಜ್ ಎಂದರೆ ನ್ಯಾಯಕ್ಕಿಂತ ಹೆಚ್ಚು ಹೇರಿದ್ದು. ಆಟೋದವರ ವಿಷಯಕ್ಕೂ ಸಲ್ಲುತ್ತದೆ, ಮಿತಿಮೀರಿ ಹೇರಿದ ಬ್ಯಾಟರಿಗೂ ಸಲ್ಲುತ್ತದೆ.

ಅಂಡರ್‌ಚಾರ್ಜ್ ಅರ್ಥವನ್ನು ನೀವೇ ಹೇಳಿಕೊಳ್ಳಿ. ನಮಸ್ಕಾರ.