ಹಾಸು ಯಾವುದು, ಹೊಕ್ಕು ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಮ್ಮೆ ನೇಕಾರರೊಬ್ಬರ ಮನೆಯಲ್ಲಿ ಕೂತಿದ್ದೆ. ಅವರು ಕುಣಿಮಗ್ಗದಲ್ಲಿ, ಕೆಳಗಿನ ಗುಂಡಿಗೆ ಕಾಲು ಇಳಿಬಿಟ್ಟು ನೇಯುತ್ತಿದ್ದರು. ನಾನು ಸುಮ್ನೆ ಪೇಪರ್ ಓದಿ ಹೇಳುತ್ತಿದ್ದೆ. ‘ವ್ಯವಸ್ಥೆಯಲ್ಲಿ ಲಂಚ ಹಾಸುಹೊಕ್ಕಾಗಿದೆ’ ಅಂತ ಒಂದು ಸಾಲು ಬಂತು. ಲಾಳಿ ನಿಂತಿತು. “ಅಲ್ರೀ ಸರ, ಹಾಸು ಯಾವ್ದು, ಹೊಕ್ಕು ಯಾವ್ದು ಅಂತ ಬರದಾರೇನ್ರಿ?” ಅಂದರು.

ಬರೆದಿರಲಿಲ್ಲ. ನಾನೂ ಅದನ್ನು ಯೋಚಿಸಿರಲಿಲ್ಲ.

ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು. ಹಾಸಿಗೆ ಹಾಸುತ್ತೇವೆ ಅಲ್ವಾ, ಅದೇ ಹಾಸು. ಅದನ್ನು ಎರಡೂ ತುದಿಗೆ ಬಿಗಿದು ಕಟ್ಟಿರುತ್ತಾರೆ. ಹೊಕ್ಕು ಅಂದರೆ ಅಡ್ಡಕ್ಕೆ ಒಳಹೊಗುವ ನೂಲು. ಕಾಲಿನಿಂದ ಹಲಗೆ ಒತ್ತಿದರೆ ಹಾಸಿನ ಕೆಲವು ಎಳೆ ಮೇಲೇಳುತ್ತವೆ, ಉಳಿದವು ಕೆಳಗಿಳಿಯುತ್ತವೆ. ನಡುವೆ ಬಾಯಿ ತೆರೆಯುತ್ತದೆ. ಅದರೊಳಗೆ ಲಾಳಿ ಓಡಿ, ಹೊಕ್ಕಿನ ಎಳೆ ಬಿಟ್ಟು ಆಚೆ ಹೋಗುತ್ತದೆ. ನಿಂತಲ್ಲಿ ನಿಲ್ಲದವನನ್ನು ‘ಲಾಳಿ ಹಂಗ ಅಡ್ಡಾಡತಾನ’ ಅನ್ನುವುದು ಇದನ್ನು ನೋಡಿಯೇ.

ಇಳಕಲ್ ಸೀರೆಯಲ್ಲಂತೂ ಹಾಸಿನದೇ ಕೆಲಸ ಜಾಸ್ತಿ. ಒಡಲಿಗೆ ಒಂದು ಹಾಸು, ಕೆಂಪು ರೇಷ್ಮೆಯ ಸೆರಗಿಗೆ ಇನ್ನೊಂದು. ಎರಡನ್ನೂ ಎಳೆಗೆ ಎಳೆ ಕುಣಿಕೆಯ ಹಾಗೆ ಸಿಕ್ಕಿಸಿ ಜೋಡಿಸಬೇಕು. ಹಾಗಾಗಿ ಹತ್ತಾರು ಸೀರೆಗೆ ಒಂದೇ ಸಲ ಹಾಸು ಏರಿಸಿಡಲು ಬರುವುದಿಲ್ಲ. 6 ಗಜವೋ, 8 ಗಜವೋ, 9 ಗಜವೋ, ಆಯಾ ಸೀರೆಯ ಅಳತೆಗೆ ಹಾಸು ತಯಾರಾಗಬೇಕು.

ಹಾಸುಹೊಕ್ಕಾಗುವುದು ಅಂದರೆ ಹಾಲಿನಲ್ಲಿ ಸಕ್ಕರೆ ಕರಗಿದ ಹಾಗಲ್ಲ. ಹಾಸು, ಹೊಕ್ಕು ಎರಡೂ ನೂಲು ಕೊನೆತನಕ ಬೇರೆ ಬೇರೆಯಾಗಿಯೇ ಇರುತ್ತವೆ. ಆದರೆ ಒಂದನ್ನು ಕಿತ್ತರೆ ಬಟ್ಟೆಯೇ ಇಲ್ಲ. ಅದಕ್ಕೇ ‘ಊರಲ್ಲಿ ಡೆಂಗಿ ಹಾಸುಹೊಕ್ಕಾಗಿದೆ’ ಅಂದರೆ ನನಗೆ ಕಸಿವಿಸಿ. ಡೆಂಗಿ ಹಬ್ಬಿದೆ, ಅಷ್ಟೇ. ‘ಬೆಳಗಾವಿ ಪೇಟೆಯ ಮಾತಿನಲ್ಲಿ ಕನ್ನಡ, ಮರಾಠಿ ಹಾಸುಹೊಕ್ಕಾಗಿವೆ’ ಅನ್ನಿ, ಒಪ್ಪುತ್ತೇನೆ. ಅಲ್ಲಿ ಎರಡು ನೂಲಿವೆ. ನಿಘಂಟು ಇಷ್ಟು ಬಿಗಿ ಹಿಡಿಯುವುದಿಲ್ಲ ಬಿಡಿ, ಇದು ನನ್ನ ಹಟ.

ಇನ್ನು ಆ ಲಂಚದ ಸಾಲು. ಅದಕ್ಕೆ ಉತ್ತರವನ್ನು ನೇಕಾರರೇ ಕೊಟ್ಟರು. ಕಡಿದ ಎಳೆಯೊಂದನ್ನು ಬೆರಳಲ್ಲಿ ಹೊಸೆದು ಗಂಟು ಹಾಕುತ್ತಾ ಹೇಳಿದರು: “ಲಂಚ ಹೊಕ್ಕು ಇರಬೇಕು ತಗೋರಿ. ಹಾಸು ನಾವ ಅಲ್ಲೇನ್ರೀ, ಬಿಗದು ಕಟ್ಟಿಸ್ಕೊಂಡಾವ್ರು?”