ಮದಕದ ಏರಿಯ ಕೆಳಗೆ ಒಂದು ಗಾಜಿನ ಲೋಟ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಪೆರ್ಲದಿಂದ ಸ್ವಲ್ಪ ಆಚೆ, ಎಣ್ಮಕಜೆ ಪಂಚಾಯತಿನ ಒಂದು ಬೈಲಿನಲ್ಲಿ. ಬೈಲಿನ ತಲೆಯಲ್ಲಿ, ಎರಡು ಗುಡ್ಡೆಗಳು ಹತ್ತಿರ ಬರುವಲ್ಲಿ, ಹಿರಿಯರು ಅಡ್ಡಕ್ಕೆ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ನಾವು ಅದನ್ನು ಮದಕ ಎನ್ನುತ್ತೇವೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು, ಮುರಕಲ್ಲಿನ ಗುಡ್ಡೆ ಇಳಿದು, ತೋಡು ಸೇರಿ ಕಡಲಿಗೆ ಓಡಿಬಿಡುತ್ತದೆ. ಮದಕದಲ್ಲಿ ತಡೆದು ನಿಂತಷ್ಟು ನೀರು ಮೆಲ್ಲಗೆ ಇಂಗಿ ಕೆಳಗಿನ ಅಡಿಕೆ ತೋಟಗಳ ಬಾವಿಗೆ ಒಸರಾಗಿ ಬರುತ್ತದೆ.

ನಾನು ಈಜು ಕಲಿತದ್ದು ಅಲ್ಲೇ, ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು. ಈಗಲೂ ರಜೆ ಸಿಕ್ಕಿದರೆ ಮಕ್ಕಳು ಅಲ್ಲಿರುತ್ತಾರೆ. ಮಣಿಪಾಲದ ಮಣ್ಣಪಳ್ಳ ಕೆರೆ ನೋಡಿ ಬಂದವರಿಗೆ ಇಲ್ಲಿಯೂ ಸುತ್ತ ನಡೆಯುವ ದಾರಿ ಬೇಕು, ಕೂರಲು ಬೆಂಚು ಬೇಕು, ಒಂದು ಪೆಡಲ್ ದೋಣಿ ಬೇಕು. ನನಗೂ ಬೇಕು. ಯಾರೂ ಹೋಗದ ಮದಕ ಹೂಳು ತುಂಬಿ ಗದ್ದೆಯಾಗಿ, ಗದ್ದೆ ಜಾಗವಾಗಿ, ಜಾಗದಲ್ಲಿ ಮನೆ ಏಳುವುದನ್ನು ನಾನು ನೋಡಿದ್ದೇನೆ. ಆದರೆ ನಡೆಯುವ ದಾರಿ ಮಾಡುವಾಗ ನಾವು ಮರೆಯುವ ಒಂದು ಸಂಗತಿ ಇದೆ. ಕಾಲ ಕೆಳಗಿರುವುದು ರಸ್ತೆಯಲ್ಲ, ನೀರನ್ನು ತಡೆದು ನಿಂತ ಮಣ್ಣು.

ಆ ಮಣ್ಣನ್ನು ಒಂದೇ ಸಲ ರಾಶಿ ಸುರಿದದ್ದಲ್ಲ. ತಂದೆಯವರು ಹೇಳುತ್ತಿದ್ದರು, ಗೇಣು ದಪ್ಪಕ್ಕೂ ಕಡಿಮೆ ಮಣ್ಣು ಹಾಸಿ, ಹದವಾಗಿ ನೀರು ಚಿಮುಕಿಸಿ, ಅದರ ಮೇಲೆ ಕೋಣಗಳನ್ನು ನಡೆಸುತ್ತಿದ್ದರಂತೆ. ಅದು ಗಟ್ಟಿಯಾದ ಮೇಲೆ ಇನ್ನೊಂದು ಪದರ. ಇಂದು ದೊಡ್ಡ ಅಣೆಕಟ್ಟುಗಳಲ್ಲಿ ಗೊರಸಿನಂತಹ ಮುಳ್ಳುಗಳಿರುವ ರೋಲರ್ ಓಡಿಸುವುದೂ ಇದೇ ಕೆಲಸಕ್ಕೆ. ಹೀಗೆ ತುಳಿದ ಮಣ್ಣಿನೊಳಗೂ ನೀರು ನಡೆಯುತ್ತದೆ, ತೀರಾ ನಿಧಾನವಾಗಿ. ಏರಿಯ ಹೊರಬುಡದಲ್ಲಿ ಒಂದಿಷ್ಟು ಒದ್ದೆ ಕಂಡರೆ ಹೆದರಬೇಕಾಗಿಲ್ಲ. ಬರುವ ನೀರು ಎಂಥದ್ದು ಎಂದು ನೋಡಬೇಕು.

ತಂದೆಯವರು ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಬೆಳಗ್ಗೆ ಚಹಾ ಕುಡಿದ ಗಾಜಿನ ಲೋಟವನ್ನು ತೊಳೆದು ಕೈಯಲ್ಲೇ ಹಿಡಿದುಕೊಂಡು ಹೊರಡುತ್ತಿದ್ದರು. ಏರಿಯ ಬುಡದಲ್ಲಿ ಕೆಸುವಿನ ಎಲೆ ಸರಿಸಿ, ಒಸರಿಗೆ ಲೋಟ ಹಿಡಿದು, ತುಂಬಿದ ಮೇಲೆ ಬೆಳಕಿಗೆ ಎತ್ತಿ ನೋಡುತ್ತಿದ್ದರು. ತಿಳಿಯಾಗಿದ್ದರೆ ಚೆಲ್ಲಿ ಮನೆಗೆ ಬರುತ್ತಿದ್ದರು. ಕಲಕಿದ್ದರೆ ಲೋಟವನ್ನು ಕಲ್ಲಿನ ಮೇಲಿಟ್ಟು, ತಳದಲ್ಲಿ ಎಷ್ಟು ಮಣ್ಣು ಕೂರುತ್ತದೆ ಎಂದು ಕಾಯುತ್ತಿದ್ದರು. ಕಲಕು ನೀರೆಂದರೆ ಏರಿಯ ಒಳಗಿನ ಮಣ್ಣೇ ನೀರಿನ ಜೊತೆ ಹೊರಗೆ ಬರುತ್ತಿದೆ ಎಂದರ್ಥ. ಒಳಗೆ ಕೊಳವೆ ಕೊರೆಯುತ್ತಿದೆ. ಮೇಲೆ ನಿಂತವನಿಗೆ ಹಸಿರು ಹುಲ್ಲಷ್ಟೇ ಕಾಣುತ್ತದೆ.

ಆ ಕೊಳವೆಗೆ ದಾರಿ ಮಾಡಿಕೊಡುವವರು ಹಲವರು. ಏಡಿ, ಹೆಗ್ಗಣ, ಮುಳ್ಳುಹಂದಿ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರಷ್ಟು ಜನ ತೀರಿಕೊಂಡರು. ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಏಡಿಗಳು ಕೊರೆದದ್ದೇ ಕಾರಣ ಎಂದು ಮಂತ್ರಿಯೊಬ್ಬರು ಹೇಳಿದಾಗ ಜನ ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದು. ಏಡಿ ತನ್ನ ಪಾಡಿಗೆ ತೂತು ಮಾಡುತ್ತದೆ, ಅದನ್ನು ನೋಡಿ ಮುಚ್ಚಬೇಕಾದವರು ಮನುಷ್ಯರು. ಏರಿಯ ಮೇಲಿನ ಮರವೂ ಹಾಗೆಯೇ. ನೆರಳಿಗೆಂದು ನೆಡುತ್ತಾರೆ. ಒಂದು ದಿನ ಮರ ಸಾಯುತ್ತದೆ, ಬೇರು ಕೊಳೆಯುತ್ತದೆ, ಬೇರು ಇದ್ದಲ್ಲೆಲ್ಲ ಪೊಳ್ಳು ಉಳಿಯುತ್ತದೆ. ಏರಿಗೆ ಗರಿಕೆ ಸಾಕು, ಲಾವಂಚ ಸಾಕು. ಮರ ಆಚೆ ಗುಡ್ಡೆಯ ಬದಿಯಲ್ಲಿ ಇರಲಿ.

ಕೆಲವು ವರ್ಷದ ಹಿಂದೆ ನಮ್ಮ ಮದಕಕ್ಕೆ ದಾರಿ ಮಾಡಿಸಿದೆವು. ಕೆಲಸ ವಹಿಸಿಕೊಂಡವರು ನಡೆಯುವುದಕ್ಕೆ ಸಮವಾಗಲಿ ಎಂದು ಕೋಡಿಯನ್ನು ಮಣ್ಣಿನಿಂದ ತುಂಬಿಸಿ, ನೀರಿಗೆ ಒಂದು ಸಿಮೆಂಟ್ ಪೈಪು ಇಟ್ಟರು. ಹೆಚ್ಚಾದ ನೀರು ಏರಿಯನ್ನು ಮುಟ್ಟದೆ ಬದಿಯಿಂದ ಇಳಿದುಹೋಗಲು ಇದ್ದ ದಾರಿ ಆ ಕೋಡಿ ಒಂದೇ. ಜುಲೈಯ ಒಂದು ರಾತ್ರಿ ಪೈಪಿನ ಬಾಯಿಗೆ ಅಡಿಕೆ ಹಾಳೆ, ತರಗೆಲೆ ಬಂದು ಸಿಕ್ಕಿಕೊಂಡಿತು. "ಭಾವ, ನೀರು ಮೇಲೆ ಬಂತು, ಪಿಕ್ಕಾಸು ಹಿಡ್ಕೊಂಡು ಬನ್ನಿ" ಎಂದು ನೆರೆಮನೆಯವರು ಫೋನು ಮಾಡಿದರು. ನಾವು ಮುಟ್ಟುವಾಗ ಏರಿಯ ನೆತ್ತಿಗೂ ನೀರಿಗೂ ನಡುವೆ ಒಂದು ಗೇಣು ಇತ್ತು. ಮಣ್ಣಿನ ಏರಿಯ ಮೇಲೆ ಹತ್ತಿ ಹರಿದ ನೀರು ಹೊರಮೈಯನ್ನು ಬುಡದಿಂದ ಕಿತ್ತುಕೊಂಡು ಹಿಂದಕ್ಕೆ ಬರುತ್ತದೆ. ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯಬಹುದು. ಕೆಳಗೆ ಏಳು ಮನೆಗಳಿವೆ. ಆರು ಜನ ಸೇರಿ ತುಂಬಿಸಿದ ಮಣ್ಣನ್ನು ಅಗೆದು ಕೋಡಿ ಬಿಡಿಸಿದೆವು. ಬೆಳಗಾಗುವಾಗ ನೀರು ಎರಡು ಅಡಿ ಇಳಿದಿತ್ತು. ಈಗ ಕೋಡಿಯ ಮೇಲೆ ಕಾಲುಸಂಕ ಇದೆ, ಅಡಿಯಲ್ಲಿ ಹಳೆಯ ಅಗಲವೇ ಇದೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತಿನ ಮೇಲೆ 10 ಮೀಟರಿಗಿಂತ ಎತ್ತರದವಕ್ಕೆ. ನಮ್ಮ ಏರಿ ಎರಡಾಳು ಎತ್ತರ. ಇದನ್ನು ನೋಡಲು ಯಾವ ಇಂಜಿನಿಯರೂ ತಾವಾಗಿ ಬರುವುದಿಲ್ಲ. ಹಾಗಾಗಿ ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಮೊದಲು ನಾವೇ ಹುಲ್ಲು ಸವರಿ, ತೂತು ಹುಡುಕಿ, ಜೇಡಿಮಣ್ಣು ತುರುಕಿ ಗುದ್ದುತ್ತೇವೆ. ಹೂಳು ತೆಗೆಯಲು ನೀರು ಬಿಡುವುದಿದ್ದರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಡುತ್ತೇವೆ. ಒಮ್ಮೆಲೇ ಖಾಲಿ ಮಾಡಿದರೆ ನೀರು ಕುಡಿದ ಒಳಮೈ ಭಾರಕ್ಕೆ ಜಾರಿ ಬೀಳುತ್ತದೆ.

ಕಳೆದ ಆಟಿಯಲ್ಲಿ ಎಡಬದಿಯ ಒಂದು ಒಸರು ಲೋಟದಲ್ಲಿ ಸ್ವಲ್ಪ ಕಲಕಿ ಕಂಡಿತು. ಸಿಮೆಂಟು ಮೆತ್ತೋಣ ಎಂದರು ಕೆಲವರು. ಮೆತ್ತಿದರೆ ನೀರು ಒಳಗೇ ಸಿಕ್ಕಿಬಿದ್ದು ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ಮಾತ್ರ ಹಿಡಿಯಬೇಕು. ಅದಕ್ಕೆ ಒಸರಿನ ಮೇಲೆ ಮೊದಲು ಮರಳು, ಮರಳಿನ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಕಲ್ಲು ಹೇರಬೇಕು. ಮರಳು ಬಂದು ಬಿದ್ದಿದೆ. ಜಲ್ಲಿ ಶನಿವಾರ ಬರುತ್ತದೆ. ಮಳೆ ಹಿಡಿಯುವುದರೊಳಗೆ ಹಾಕಿ ಮುಗಿಸುತ್ತೇವೆ.

ನಮಸ್ಕಾರ.